ಮಕ್ಕಳ ಜೊತೆ ಗುಹೆ ನೋಡುವುದು ಹೇಗೆ: ಸ್ವಲ್ಪ ದೂರ, ತುಂಬಾ ಹೊತ್ತು

ಕಳೆದ ಸಲ ಗುಹೆಗೆ ಹೋದಾಗ ನಾವು ಒಳಗೆ ನಡೆದಿದ್ದು ಬರೀ ಅರವತ್ನಾಲ್ಕು ಹೆಜ್ಜೆ. ಒಂಬತ್ತು ವರ್ಷದ ಮಗಳು ಎಣಿಸಿದ ಲೆಕ್ಕ ಅದು. ಆ ಅರವತ್ನಾಲ್ಕು ಹೆಜ್ಜೆಯಲ್ಲಿ ಒಂದೂವರೆ ಗಂಟೆ ಕಳೆದೆವು. ಹೊರಗೆ ಬಂದ ಕೂಡಲೇ ಆರು ವರ್ಷದ ಮಗ ಕೇಳಿದ್ದು, "ಮತ್ತೆ ಯಾವಾಗ ಬರೋದು?"

ಅದರ ಹಿಂದಿನ ವರ್ಷ ಹೀಗಿರಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಒಳಗೆ ಹೋಗುತ್ತಲೇ ಇದ್ದೆವು. ಹೋಗುವಾಗ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಬರುವಾಗ ಮಗನ ಕಾಲು ಸೋತಿತ್ತು, ಬಟ್ಟೆ ಒದ್ದೆಯಾಗಿ ನಡುಗುತ್ತಿದ್ದ. ನಮ್ಮನೆಯವರ ಟಾರ್ಚ್ ಮಂಕಾಗಿತ್ತು. ಅವರು ಒಂದು ಕೈಯಲ್ಲಿ ಮಗನನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಆ ಟಾರ್ಚ್ ಹಿಡಿದು, ಜಾರುವ ಬಂಡೆ ಇಳಿದರಲ್ಲ, ಆ ಐದು ನಿಮಿಷ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು.

ಅದಕ್ಕೇ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟವರಿಗೆ ನಾನು ಹೇಳುವುದು ಒಂದೇ: ಸ್ವಲ್ಪ ದೂರ ಹೋಗಿ, ತುಂಬಾ ಹೊತ್ತು ಇರಿ. ಅದಕ್ಕೆ ಏನೇನು ತಯಾರಿ ಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಗುಹೆ, ಯಾವಾಗ

ನಡೆದುಕೊಂಡೇ ಹೋಗಬಹುದಾದ ಗುಹೆ ಸಾಕು. ಹಗ್ಗ ಕಟ್ಟಿ ಇಳಿಯಬೇಕು, ಈಜಬೇಕು, ಹೊಟ್ಟೆ ಮೇಲೆ ತೆವಳಬೇಕು ಅಂದರೆ ಅದು ಮಕ್ಕಳ ಗುಹೆ ಅಲ್ಲ. ತರಬೇತಿ ಇರುವವರು ಜೊತೆಗಿಲ್ಲದಿದ್ದರೆ ದೊಡ್ಡವರಿಗೂ ಬೇಡ. ಜಾಗ ಯಾರದು ಅಂತ ಮೊದಲು ತಿಳಿದುಕೊಂಡು ಒಪ್ಪಿಗೆ ಕೇಳಿ. ಖಾಸಗಿ ಜಮೀನು ಇರಬಹುದು, ಕಾಡು ಇರಬಹುದು, ಹಳೆಯ ಚಿತ್ರಗಳಿದ್ದರೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿ ಇರಬಹುದು.

ಆಮೇಲೆ ಆ ಸುತ್ತಮುತ್ತ ದಿನಾ ಓಡಾಡುವವರನ್ನು ಮಾತಾಡಿಸಿ. ನಾನು ಕೇಳುವುದು ಮೂರೇ ಪ್ರಶ್ನೆ. ಮಳೆ ಬಂದರೆ ಒಳಗೆ ನೀರು ಬರುತ್ತದಾ? ಬಾಯಿಯ ಹತ್ತಿರ ಜೇನು ಕಟ್ಟಿದೆಯಾ? ಒಳಗೆ ಯಾವುದಾದರೂ ಪ್ರಾಣಿ ಬೀಡುಬಿಟ್ಟಿದೆಯಾ? ಜೇನು ಇದೆ ಅಂದರೆ ಆ ದಿನ ಮನೆಗೆ ವಾಪಸ್. ಹೊಸ ಹೆಜ್ಜೆಗುರುತು, ಹಸಿ ಮೂಳೆ, ಘಾಟು ವಾಸನೆ ಕಂಡರೂ ಅಷ್ಟೇ.

ಮೂರರಲ್ಲಿ ನನಗೆ ಜಾಸ್ತಿ ಭಯ ಇರುವುದು ನೀರಿನದ್ದು. 2018ರ ಜೂನ್ 23ರಂದು ಥಾಯ್ಲೆಂಡ್‌ನ ಥಾಮ್ ಲುವಾಂಗ್ ಗುಹೆಯೊಳಗೆ ಹನ್ನೆರಡು ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಹೋಗಿದ್ದರು. ಮಳೆ ನೀರು ನುಗ್ಗಿ ಬಂದ ದಾರಿಯೇ ಮುಚ್ಚಿಹೋಯಿತು. ಕೊನೆಯವರನ್ನು ಹೊರಗೆ ತರುವ ಹೊತ್ತಿಗೆ ಜುಲೈ 10 ಆಗಿತ್ತು. ಕಾಪಾಡಲು ಹೋದ ಮುಳುಗುಗಾರರೊಬ್ಬರು ನೀರಿನಲ್ಲೇ ಪ್ರಾಣ ಬಿಟ್ಟರು. ಇಂಥ ಮಳೆ ಗುಹೆಯ ನೆತ್ತಿಯ ಮೇಲೇ ಸುರಿಯಬೇಕು ಅಂತಿಲ್ಲ. ದೂರದ ಗುಡ್ಡದ ಮೇಲೆ ಸುರಿದ ನೀರೂ ಇಲ್ಲಿಗೆ ಹರಿದು ಬರಬಹುದು. ಅದಕ್ಕೇ ಮಳೆಗಾಲದಲ್ಲಿ ನಾವು ಹೊರಡುವುದಿಲ್ಲ. ಬೇಸಿಗೆಯಲ್ಲೂ ಬಾಯಿಯಿಂದ ನಾಲ್ಕು ಹೆಜ್ಜೆ ಒಳಗೆ ನಿಂತು ಗೋಡೆ ನೋಡುತ್ತೇನೆ. ತಲೆಗಿಂತ ಎತ್ತರದ ಬಿರುಕಿನಲ್ಲಿ ಕಡ್ಡಿ, ಒಣಗಿದ ಎಲೆ ಸಿಕ್ಕಿಕೊಂಡಿದ್ದರೆ ಅಷ್ಟು ಎತ್ತರಕ್ಕೆ ನೀರು ಬಂದು ಹೋಗಿದೆ ಅಂತಲೇ ಅರ್ಥ. ಸಮುದ್ರದ ದಂಡೆಯ ಗುಹೆಯಾದರೆ ಭರತ, ಇಳಿತದ ಹೊತ್ತು ತಿಳಿಯದೆ ಕಾಲಿಡಲೇಬಾರದು.

ಬಾವಲಿಗಳು ಮರಿ ಹಾಕುವ ಕಾಲ ಯಾವುದು ಅಂತಲೂ ವಿಚಾರಿಸಿ. ಹೆಚ್ಚಿನ ಜಾತಿಯ ಬಾವಲಿಗಳು ವರ್ಷಕ್ಕೆ ಹಾಕುವುದು ಒಂದೇ ಮರಿ. ಗಲಾಟೆಗೆ ಬೆದರಿ ತಾಯಿ ಎದ್ದು ಹಾರಿದರೆ ಮರಿ ಕೆಳಗೆ ಬೀಳಬಹುದು. ಬಿದ್ದ ಮರಿ ಬದುಕುವುದು ಕಷ್ಟ. ಆ ತಿಂಗಳುಗಳಲ್ಲಿ ಗುಹೆಯನ್ನು ಅವುಗಳಿಗೇ ಬಿಟ್ಟುಬಿಡೋಣ.

ಬೆಳಕಿನ ತಯಾರಿ ಮನೆಯಲ್ಲೇ ಆಗಬೇಕು

ಗುಹೆಯಲ್ಲಿ ಪಳಗಿದವರು ಪಾಲಿಸುವ ನಿಯಮ ಒಂದಿದೆ: ತಲೆಗೆ ಮೂರು ದೀಪ. ಇಡೀ ಗುಂಪಿಗೆ ಮೂರಲ್ಲ, ಒಬ್ಬೊಬ್ಬರಿಗೂ ಮೂರು. ಅದರಲ್ಲಿ ಒಂದು ಹೆಡ್‌ಲ್ಯಾಂಪ್ ಆಗಿರಲೇಬೇಕು. ಎರಡು ಕೈಯೂ ಖಾಲಿ ಇದ್ದರೆ ತಾನೇ ಮಗು ಜಾರಿದಾಗ ಹಿಡಿಯೋಕೆ ಆಗುವುದು! ಮೊಬೈಲ್ ಟಾರ್ಚನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೈಯಿಂದ ಜಾರಿ ಕಲ್ಲಿನ ಸಂದಿಗೆ ಬಿದ್ದರೆ ಅದರ ಕಥೆ ಮುಗಿಯಿತು.

ಎಲ್ಲರ ಹೆಡ್‌ಲ್ಯಾಂಪಿಗೂ ಒಂದೇ ಅಳತೆಯ ಸೆಲ್ ಇರುವ ಹಾಗೆ ನೋಡಿಕೊಳ್ಳಿ. ಒಬ್ಬರದು ಇನ್ನೊಬ್ಬರಿಗೆ ಆಗುತ್ತದೆ. ಹೊರಡುವ ಹಿಂದಿನ ರಾತ್ರಿ ಹೊಸ ಸೆಲ್ ಹಾಕಿ, ಜೊತೆಗೆ ಇನ್ನೊಂದು ಸೆಟ್ ಇಟ್ಟುಕೊಳ್ಳಿ.

ಇನ್ನೊಂದು ಕೆಲಸ ಇದೆ, ಇದನ್ನು ದಯವಿಟ್ಟು ಬಿಡಬೇಡಿ. ಹೊರಡುವ ವಾರದಲ್ಲಿ ಒಂದು ರಾತ್ರಿ ಕೋಣೆಯ ಲೈಟ್ ಆರಿಸಿ, ಕಿಟಕಿ ಪರದೆ ಎಳೆದು, ಎಲ್ಲರೂ ನೆಲದ ಮೇಲೆ ಕೂತು ಕತ್ತಲಲ್ಲೇ ಸೆಲ್ ಬದಲಾಯಿಸಿ. ಮೊದಲ ಸಲ ನನಗೆ ನಾಲ್ಕು ನಿಮಿಷ ಹಿಡಿಯಿತು. ಮುಚ್ಚಳ ತೆಗೆಯುವಾಗ ಹಳೆಯ ಸೆಲ್ ಉರುಳಿಹೋಯಿತು, ಯಾವುದು ಹೊಸದು, ಯಾವುದು ಹಳೆಯದು ತಿಳಿಯಲೇ ಇಲ್ಲ. ಮಗಳು ಬೆರಳಲ್ಲಿ ತಡವಿ ದಾರಿ ಕಂಡುಕೊಂಡಳು. ಸ್ಪ್ರಿಂಗ್ ಇರುವ ಕಡೆಗೆ ಸೆಲ್‌ನ ಚಪ್ಪಟೆ ತುದಿ, ಉಬ್ಬು ಇರುವ ತುದಿ ಅದರ ಎದುರಿಗೆ. ಹಳೆಯದನ್ನು ತೆಗೆದ ಕೂಡಲೇ ಎಡ ಜೇಬಿಗೆ, ಹೊಸದು ಯಾವಾಗಲೂ ಬಲ ಜೇಬಲ್ಲಿ. ಮೂರನೇ ರಾತ್ರಿಗೆ ಅವಳು ಒಂದು ನಿಮಿಷದೊಳಗೆ ಮುಗಿಸುತ್ತಿದ್ದಳು. ಗುಹೆಯಲ್ಲಿ ದೀಪ ಆರಿದರೆ ಏನು ಮಾಡಬೇಕು ಅಂತ ಆ ಮಗುವಿನ ಕೈಗೆ ಗೊತ್ತಿದೆ. ಹೆದರಿಕೆ ಅರ್ಧ ಅಲ್ಲೇ ಇಳಿಯಿತು.

ಮಕ್ಕಳು ಆ ದೀಪ ಕಟ್ಟಿಕೊಂಡು ಮನೆ ತುಂಬ ಓಡಾಡಲಿ. ಮಾತಾಡುವಾಗ ಎದುರಿಗಿರುವವರ ಕಣ್ಣಿಗೆ ಬೆಳಕು ಬಿಡಬಾರದು, ತಲೆ ಸ್ವಲ್ಪ ತಗ್ಗಿಸಬೇಕು ಅನ್ನುವುದು ರೂಢಿಯಾಗುತ್ತದೆ.

ತಲೆಗೆ ಗಲ್ಲದ ಪಟ್ಟಿ ಇರುವ ಹಗುರ ಹೆಲ್ಮೆಟ್ ಬೇಕು, ಬಂಡೆ ಹತ್ತುವವರು ಹಾಕುವಂಥದ್ದು. ಬೈಕ್ ಹೆಲ್ಮೆಟ್ ಭಾರ, ಕಿವಿಯನ್ನೂ ಮುಚ್ಚುತ್ತದೆ. ಕಾಲಿಗೆ ಅಡಿ ಸವೆಯದ ಶೂ, ಚಪ್ಪಲಿ ಬೇಡವೇ ಬೇಡ. ಒಳಗಿನ ತಂಪು ಹೆಚ್ಚುಕಡಿಮೆ ಹೊರಗಿನ ಇಡೀ ವರ್ಷದ ಸರಾಸರಿ ತಾಪಮಾನದಷ್ಟೇ ಇರುತ್ತದೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಒಳಗೆ ಹೋದರೆ ಮೊದಲು ಹಾಯೆನಿಸುತ್ತದೆ, ಒಂದು ಗಂಟೆ ಸುಮ್ನೆ ಕೂತರೆ ಚಳಿ ಹತ್ತುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನನ್ನ ಮಗ ನಡುಗಿದ್ದು ಇದರಿಂದಲೇ. ಈಗ ಒಳಗೆ ಬೇಗ ಒಣಗುವ ಬಟ್ಟೆ, ಮೇಲೊಂದು ಸ್ವೆಟರ್, ಹೊರಗೆ ಚೀಲದಲ್ಲಿ ಒಂದೊಂದು ಜೊತೆ ಒಣ ಬಟ್ಟೆ ಇರಲೇಬೇಕು.

ಹೊರಗೆ ಕೂರುವವರು

ನಮ್ಮ ತಂಡದ ಮುಖ್ಯ ವ್ಯಕ್ತಿ ಗುಹೆಯೊಳಗೆ ಬರುವುದೇ ಇಲ್ಲ. ಅವರು ನಮ್ಮ ಅತ್ತೆ. ಮಂಡಿ ನೋವಿರುವ ಕಾರಣ ಅವರೇ ಒಲ್ಲೆ ಅಂದಿದ್ದರು. ಆಮೇಲೆ ನೋಡಿದರೆ ಅವರ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಮೊಬೈಲ್ ಸಿಗ್ನಲ್ ಸಿಗುವ ನೆರಳು ಹುಡುಕಿ ಕುರ್ಚಿ ಹಾಕಿಕೊಡುತ್ತೇವೆ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಗುಹೆ ಎಲ್ಲಿದೆ, ಎಷ್ಟು ಜನ ಒಳಗಿದ್ದಾರೆ, ಹೋದದ್ದು 10 ಗಂಟೆಗೆ, ಬರಬೇಕಾದದ್ದು 11.30ಕ್ಕೆ ಅಂತ ಬರೆದಿರುತ್ತೇವೆ. 12.30 ಆದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿದೆ: ಹುಡುಕಿಕೊಂಡು ನೀವು ಒಳಗೆ ಬರಬಾರದು. ಮೊಮ್ಮಕ್ಕಳು ಬರಲಿಲ್ಲ ಅಂದರೆ ಯಾವ ಅಜ್ಜಿಯೂ ಸುಮ್ಮನೆ ಕೂರುವುದಿಲ್ಲ, ಅಲ್ವಾ? ಅದಕ್ಕೇ ಬರೆದಿಡುವುದು.

ಒಳಗೆ ಹೋಗುವವರಲ್ಲಿ ಮೂವರು ದೊಡ್ಡವರು ಇದ್ದರೆ ಒಳ್ಳೆಯದು. ನಾನು, ನಮ್ಮನೆಯವರು, ನನ್ನ ತಮ್ಮ. ಒಬ್ಬರ ಕಾಲು ಉಳುಕಿದರೆ ಒಬ್ಬರು ಅವರ ಹತ್ತಿರ ಉಳಿಯಬೇಕು, ಒಬ್ಬರು ಮಕ್ಕಳನ್ನು ಹೊರಗೆ ಕರೆತರಬೇಕು. ಎರಡೇ ಜನ ಇದ್ದರೆ ಈ ಲೆಕ್ಕ ಕೂಡುವುದಿಲ್ಲ.

ಒಳಗೆ ಹೋದ ಮೇಲೆ ಹೊತ್ತಿನ ಅಂದಾಜು ತಪ್ಪಿಯೇ ತಪ್ಪುತ್ತದೆ. 1962ರಲ್ಲಿ ಮಿಶೆಲ್ ಸಿಫ್ರ್ ಅನ್ನುವ ಫ್ರಾನ್ಸ್‌ನ ಯುವಕ ಗಡಿಯಾರ ಇಲ್ಲದೆ ಎರಡು ತಿಂಗಳು ಒಂದು ಗುಹೆಯಲ್ಲಿದ್ದರು. ಅವರ ವಾಸ ಮುಗಿದದ್ದು ಸೆಪ್ಟೆಂಬರ್ 14ಕ್ಕೆ. ಅವರ ಲೆಕ್ಕದಲ್ಲಿ ಅವತ್ತು ಇನ್ನೂ ಆಗಸ್ಟ್ 20! ನಮ್ಮ ಒಂದೂವರೆ ಗಂಟೆಯಲ್ಲೂ ಹೀಗೇ ಆಗುತ್ತದೆ. ಇಪ್ಪತ್ತು ನಿಮಿಷ ಆಗಿರಬೇಕು ಅಂದುಕೊಂಡರೆ ಐವತ್ತು ಆಗಿರುತ್ತದೆ. ಆದ್ದರಿಂದ ತಿರುಗುವ ಹೊತ್ತನ್ನು ಹೊರಗೇ ತೀರ್ಮಾನಿಸಿ, ಕೈಗಡಿಯಾರದಲ್ಲಿ ಅಲಾರಂ ಇಡಿ. ಹೋಗಲು ಒಂದು ಪಾಲು ಹೊತ್ತಾದರೆ ಬರಲು ಎರಡು ಪಾಲು ಇಟ್ಟುಕೊಳ್ಳಿ. ಅಲಾರಂ ಆದಾಗ ಮುಂದೆ ಎಂಥ ಚಂದದ ತಿರುವು ಕಂಡರೂ ತಿರುಗಬೇಕು. ಯಾರಾದರೂ ಒಬ್ಬರು, ಅದು ಆರು ವರ್ಷದವನೇ ಆಗಲಿ, "ಸಾಕು" ಅಂದರೂ ತಿರುಗಬೇಕು. ಯಾಕೆ, ಏನು, ಇಷ್ಟಕ್ಕೇನಾ ಅಂತ ಕೇಳುವಂತಿಲ್ಲ.

ಅರವತ್ನಾಲ್ಕು ಹೆಜ್ಜೆ

ಬಾಯಿಯಲ್ಲೇ ಹತ್ತು ನಿಮಿಷ ಕೂತುಬಿಡಿ. ಕಣ್ಣು ಮಬ್ಬಿಗೆ ಹೊಂದಿಕೊಳ್ಳಲಿ. ಮುಖಕ್ಕೆ ಗಾಳಿ ಬರುತ್ತಿದೆಯಾ, ಒಳಗೆ ಹೋಗುತ್ತಿದೆಯಾ ಅಂತ ಮಕ್ಕಳನ್ನು ಕೇಳಿ. ಒಳಗಿನ ತಂಪು ಗಾಳಿ ಭಾರ, ಅದು ಬೇಸಿಗೆಯಲ್ಲಿ ತಗ್ಗಿನ ಬಾಯಿಯಿಂದ ಹೊರಗೆ ಹರಿದು ಬರುತ್ತದೆ. ಗುಹೆ ಉಸಿರಾಡುತ್ತಿದೆ ಅಂತ ನನ್ನ ಮಗ ಅಂದುಕೊಂಡ. ನಾನು ಹೌದು ಅಂದೆ.

ನಂತರ ನಿಧಾನಕ್ಕೆ ಗೋಡೆ ನೋಡುತ್ತಾ ಹೋಗಿ. ನಮ್ಮ ಗುಹೆಯಲ್ಲಿ ಮೊದಲ ಹತ್ತು ಹೆಜ್ಜೆ ಜರೀಗಿಡ ಇತ್ತು. ಆಮೇಲೆ ಜರೀಗಿಡ ನಿಂತು ಬರೀ ಹಾವಸೆ. ಇಪ್ಪತ್ತೈದರ ಹೊತ್ತಿಗೆ ಹಾವಸೆಯೂ ಇಲ್ಲ, ಕಲ್ಲಿಗೆ ಹಸಿರು ಬಳಿದ ಹಾಗೆ ತೆಳ್ಳಗಿನ ಪಾಚಿ. ತಿರುವು ದಾಟಿದ ಮೇಲೆ ಬರಿಗಲ್ಲು. ಬಿಸಿಲು ಕಡಿಮೆಯಾಗುತ್ತಾ ಹೋದ ಹಾಗೆ ಒಂದೊಂದೇ ಗಿಡ ಹಿಂದೆ ಉಳಿದುಬಿಡುತ್ತದೆ. ಇದನ್ನು ಹೇಳಿಕೊಡುವುದೇ ಬೇಡ. ಮಗಳೇ ಕಂಡುಹಿಡಿದಳು, ಅಲ್ಲಿಂದಲೇ ಅವಳ ಎಣಿಕೆ ಶುರುವಾಗಿದ್ದು.

ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಂದು ಮಗು, ಮತ್ತೆ ದೊಡ್ಡವರು, ಮತ್ತೆ ಮಗು, ಕೊನೆಗೆ ದೊಡ್ಡವರು. ಓಡುವಂತಿಲ್ಲ, ಜಿಗಿಯುವಂತಿಲ್ಲ. ಬಂಡೆ ಹತ್ತುವಾಗ ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲಿರಬೇಕು. ಹತ್ತುವ ಮೊದಲು ಇಳಿಯುವುದು ಹೇಗೆ ಅಂತ ಯೋಚಿಸಿ, ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ದಾರಿ ಕವಲೊಡೆದಲ್ಲೆಲ್ಲ ನಿಂತು, ಹಿಂದೆ ತಿರುಗಿ, ಬಂದ ದಾರಿ ಹೇಗೆ ಕಾಣುತ್ತದೆ ಅಂತ ಎಲ್ಲರೂ ನೋಡಿ. ಬರುವಾಗ ಕಾಣುವುದು ಆ ಮುಖವೇ. ಹೋಗುವಾಗ ನೋಡಿದ ಗುಹೆ ಬರುವಾಗ ಬೇರೆಯದೇ ಗುಹೆಯಂತೆ ಕಾಣುತ್ತದೆ. ಗೋಡೆಗೆ ಬಣ್ಣ ಬಳಿಯುವುದು, ಬಾಣದ ಗುರುತು ಕೆತ್ತುವುದು ಮಾತ್ರ ಬೇಡ.

ಸುಣ್ಣದಕಲ್ಲಿನ ಗುಹೆಯಾದರೆ ಚಾವಣಿಯಿಂದ ಕಲ್ಲಿನ ಕಡ್ಡಿಗಳು ಇಳಿಬಿದ್ದಿರುತ್ತವೆ, ಅದರ ನೇರ ಕೆಳಗೆ ನೆಲದಿಂದ ಮೊಳಕೆಯ ಹಾಗೆ ಕಲ್ಲು ಎದ್ದಿರುತ್ತದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಗುಹೆಯ ಗಾಳಿಗೆ ಬಂದಾಗ ಆ ಅನಿಲ ಹಾರಿಹೋಗಿ, ಹಿಡಿದಿದ್ದ ಸುಣ್ಣವನ್ನು ನೀರು ಅಲ್ಲೇ ಬಿಡುತ್ತದೆ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೂ ಇದೇ ಸುಣ್ಣ. ಮಕ್ಕಳಿಗೆ ಆ ಪಾತ್ರೆಯನ್ನು ತೋರಿಸಿಯೇ ಕರೆದುಕೊಂಡು ಹೋಗಿ.

ಈ ಕಡ್ಡಿಗಳು ಸಾಮಾನ್ಯವಾಗಿ ವರ್ಷಕ್ಕೆ ಬೆಳೆಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಒಂದೊಂದು ಕಡೆ ಇನ್ನೂ ನಿಧಾನ, ಕೆಲವು ಕಡೆ ಬೇಗ. ಆ ಲೆಕ್ಕದಲ್ಲಿ ಮಗನ ತೋರುಬೆರಳಿನಷ್ಟು ಉದ್ದದ, ಐದು ಸೆಂಟಿಮೀಟರಿನ ಕಡ್ಡಿಗೆ ಐನೂರು ವರ್ಷ. ಅವನು ಬೆರಳನ್ನು ಅದರ ಪಕ್ಕ ಹಿಡಿದು ನೋಡಿದ, ಮುಟ್ಟಲಿಲ್ಲ. ಮುಟ್ಟಿದರೆ ಕೈಯ ಜಿಡ್ಡು ಅಂಟಿ ಕಲ್ಲು ಕಪ್ಪಾಗುತ್ತದೆ, ನೀರು ಅಲ್ಲಿ ಸುಣ್ಣ ಬಿಡುವುದೂ ನಿಲ್ಲಬಹುದು. ನಮ್ಮ ಉಸಿರು ಕೂಡ ಗುಹೆಗೆ ಭಾರವೇ. ಫ್ರಾನ್ಸ್‌ನ ಲಾಸ್ಕೋ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ನೋಡಲು ಬಂದವರ ಉಸಿರು, ದೀಪದ ಬೆಳಕಿನಿಂದ ಸಾವಿರಾರು ವರ್ಷ ಉಳಿದಿದ್ದ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಮುಚ್ಚಬೇಕಾಯಿತು.

ಮಕ್ಕಳನ್ನು ಅವಸರ ಮಾಡಬೇಡಿ ಅಂತ ನಾನು ಪದೇಪದೇ ಹೇಳುವುದಕ್ಕೆ ಇನ್ನೊಂದು ಗುಹೆಯ ಕಥೆ ಕಾರಣ. 1879ರಲ್ಲಿ ಸ್ಪೇನ್‌ನ ಅಲ್ತಮೀರಾ ಗುಹೆಯಲ್ಲಿ ಮಾರ್ಸೆಲಿನೊ ಸಾನ್ಜ್ ದೆ ಸೌತುಓಲಾ ಅನ್ನುವವರು ನೆಲ ಅಗೆಯುತ್ತಾ ಹಳೆಯ ಕಾಲದ ಕುರುಹು ಹುಡುಕುತ್ತಿದ್ದರು. ಜೊತೆಯಲ್ಲಿ ಎಂಟು ವರ್ಷದ ಮಗಳು ಮರಿಯಾ. ಅಪ್ಪನ ಕಣ್ಣು ನೆಲದ ಮೇಲೆ, ಮಗಳ ಕಣ್ಣು ಚಾವಣಿಯ ಮೇಲೆ. ಅಲ್ಲಿದ್ದ ಕಾಡುಕೋಣದಂಥ ಪ್ರಾಣಿಗಳ ಚಿತ್ರಗಳನ್ನು ಮೊದಲು ಕಂಡವಳು ಅವಳು. ಅಷ್ಟು ಹಳೆಯ ಕಾಲದ ಮನುಷ್ಯರು ಇಂಥದ್ದನ್ನು ಬರೆದಿರಬಹುದು ಅಂತ ವಿದ್ವಾಂಸರು ಒಪ್ಪಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು.

ದೀಪ ಆರಿಸುವುದು

ತಿರುವಿನಾಚೆ, ಹೊರಗಿನ ಬೆಳಕು ಒಂದಿಷ್ಟೂ ಬಾರದ ಜಾಗದಲ್ಲಿ ಎಲ್ಲರೂ ಕೂತುಕೊಳ್ಳಿ. ನಿಂತುಕೊಂಡು ಮಾಡಬೇಡಿ, ತಲೆ ತಿರುಗಿದಂತಾಗಬಹುದು. ಕೈ ಕೈ ಹಿಡಿದುಕೊಳ್ಳಿ. ಮಕ್ಕಳು ಒಪ್ಪಿದರೆ ಮಾತ್ರ ಒಬ್ಬೊಬ್ಬರಾಗಿ ದೀಪ ಆರಿಸಿ. ಚಿಕ್ಕವನದು ಕೊನೆಗೆ, ಅವನೇ ಆರಿಸಲಿ.

ನಮ್ಮ ಮನೆಗಳಲ್ಲಿ ಇಂಥ ಕತ್ತಲು ಇಲ್ಲವೇ ಇಲ್ಲ. ಎಷ್ಟು ಹೊತ್ತು ಕಾದರೂ ಕಣ್ಣು ಹೊಂದಿಕೊಳ್ಳುವುದಿಲ್ಲ, ಹೊಂದಿಕೊಳ್ಳಲು ಬೆಳಕೇ ಇಲ್ಲವಲ್ಲ. ಮಗ ಮುಖದ ಮುಂದೆ ಕೈ ಆಡಿಸಿ "ಕಾಣ್ತಿದೆ!" ಅಂದ. ನನಗೂ ನನ್ನ ಕೈಯ ನೆರಳು ಆಡಿದ ಹಾಗನಿಸಿತು. ಅದು ಕಣ್ಣು ಕಂಡದ್ದಲ್ಲ. ಕೈ ಎಲ್ಲಿದೆ ಅಂತ ಮಿದುಳಿಗೆ ಗೊತ್ತು, ಅದೇ ಚಿತ್ರ ಕಟ್ಟಿಕೊಡುತ್ತದೆ. ನನ್ನ ತಮ್ಮ ತನ್ನ ಕೈ ಆಡಿಸಿದಾಗ ನಮಗ್ಯಾರಿಗೂ ಏನೂ ಕಾಣಲಿಲ್ಲ.

ಆಮೇಲೆ ಸದ್ದು ಕೇಳತೊಡಗಿತು. ಮೊದಲು ನಮ್ಮ ಉಸಿರು. ಆಮೇಲೆ ಎಡಗಡೆ ಎಲ್ಲೋ ಟಪ್ ಅಂತ ಒಂದು ಹನಿ. ತುಂಬಾ ಹೊತ್ತಿನ ಮೇಲೆ ಇನ್ನೊಂದು. ಮಗಳು ಎರಡರ ನಡುವೆ ಹನ್ನೊಂದರವರೆಗೆ ಎಣಿಸಿದಳು. ಬಲಗಡೆ ಇನ್ನೊಂದು ಹನಿ, ಅದು ನೀರಿನ ಮೇಲೇ ಬೀಳುವುದು, ಸದ್ದು ದುಂಡಗೆ. ದೀಪ ಹಚ್ಚಿ ನೋಡಿದರೆ ನಿಜವಾಗಿಯೂ ಬಲಗಡೆ ಬೊಗಸೆಯಷ್ಟು ನೀರಿನ ಗುಂಡಿ ಇತ್ತು. ಬರುವಾಗ ಯಾರೂ ಅದನ್ನು ನೋಡಿರಲಿಲ್ಲ.

ಉಸಿರಿನ ಮೇಲೆ ಗಮನ ಇರಲಿ

ಯಾರಿಗಾದರೂ ತಲೆನೋವು ಬಂದರೆ, ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ, ಆ ಕ್ಷಣವೇ ಹೊರಗೆ ಹೊರಡಿ. ಗಾಳಿಯಾಡದ ಮೂಲೆಗಳಲ್ಲಿ, ತಗ್ಗುಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರಬಹುದು. ಮೇಣದಬತ್ತಿ ಉರಿಯುತ್ತಿದೆ, ಹಾಗಾಗಿ ಗಾಳಿ ಸರಿಯಿದೆ ಅನ್ನುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ಬತ್ತಿ ಉರಿಯುವುದು ಆಮ್ಲಜನಕದ ಲೆಕ್ಕದಲ್ಲಿ. ಅದು ಉರಿಯುತ್ತಿದ್ದರೂ ಡೈಆಕ್ಸೈಡ್ ಮೈಗೆ ಕೆಡುಕಾಗುವಷ್ಟು ಇರಬಹುದು.

ಬಾವಲಿ ಹಿಕ್ಕೆ ಒಣಗಿ ಧೂಳಾಗಿರುವ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. ಅದರಲ್ಲಿ ಹಿಸ್ಟೊಪ್ಲಾಸ್ಮಾ ಅನ್ನುವ ಶಿಲೀಂಧ್ರ ಬೆಳೆಯಬಹುದು, ಅದರ ಕಣಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ. ಗುಹೆಗೆ ಹೋಗಿ ಬಂದು ಎರಡು ಮೂರು ವಾರದೊಳಗೆ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಗುಹೆಯ ವಿಷಯ ಹೇಳಲೇಬೇಕು. ನೀವಾಗಿ ಹೇಳದಿದ್ದರೆ ಅವರಿಗೆ ಆ ಯೋಚನೆ ಬರಬೇಕು ಅಂತಿಲ್ಲ. ಬಾವಲಿ ಕೆಳಗೆ ಬಿದ್ದಿದ್ದರೂ ಮುಟ್ಟಬಾರದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು ನೇರ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಬೇಕಾಗುತ್ತದೆ.

ಬಂದ ಮೇಲೆ

ಶೂ, ಬಟ್ಟೆ, ಹೆಲ್ಮೆಟ್ ಎಲ್ಲವನ್ನೂ ಅವತ್ತೇ ತೊಳೆದು ಚೆನ್ನಾಗಿ ಒಣಗಿಸಿ. ನಮ್ಮ ಮನೆ ಕೊಳೆಯಾಗದಿರಲಿ ಅಂತಷ್ಟೇ ಅಲ್ಲ. 2006ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಮೂತಿಗೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಕಂಡವು. ಆ ಶಿಲೀಂಧ್ರ ಅಲ್ಲಿಂದಾಚೆ ಉತ್ತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿದೆ. ಜನರ ಶೂಗೆ, ಬಟ್ಟೆಗೆ ಅಂಟಿಕೊಂಡು ಅದು ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಎಲ್ಲೇ ಆಗಲಿ, ಒಂದು ಗುಹೆಯ ಮಣ್ಣನ್ನು ಇನ್ನೊಂದಕ್ಕೆ ಒಯ್ಯದಿರುವುದು ನಮ್ಮ ಕೈಯಲ್ಲಿದೆ.

ಅದೇ ಸಂಜೆ ಮಕ್ಕಳ ಕೈಗೆ ಕಾಗದ ಕೊಟ್ಟು ಗುಹೆಯ ನಕ್ಷೆ ಬರೆಸಿ. ಬೆಳಗ್ಗೆಗೆ ಬಿಟ್ಟರೆ ಅರ್ಧ ಮರೆತಿರುತ್ತಾರೆ. ಮಗಳು ಹೆಜ್ಜೆಯ ಲೆಕ್ಕ ಹಾಕಿ, ಇಪ್ಪತ್ತೈದಕ್ಕೆ ಹಸಿರು ಬಣ್ಣ ನಿಲ್ಲಿಸಿ, ಎಡದ ಹನಿಗೆ ಒಂದು ಚುಕ್ಕೆ, ಬಲದ ಗುಂಡಿಗೆ ಒಂದು ಸೊನ್ನೆ ಇಟ್ಟಳು. ಮಗನ ನಕ್ಷೆಯಲ್ಲಿ ಗುಹೆ ಮೂಲೆಯಲ್ಲಿ ಸಣ್ಣದಾಗಿತ್ತು. ನಡುವೆ ಇಡೀ ಕಾಗದ ತುಂಬ ಕುರ್ಚಿಯಲ್ಲಿ ಕೂತ ಅಜ್ಜಿ, ಕೈಯಲ್ಲಿ ದೊಡ್ಡದೊಂದು ಗಡಿಯಾರ. ಮುಂದಿನ ಸಲ ಎರಡೂ ನಕ್ಷೆಗಳನ್ನು ಜೊತೆಗೆ ಒಯ್ಯುತ್ತೇವೆ.